ಮಂಡಿ ಆಪರೇಷನ್‌ಗೆ ತಂದ ಸಾಮಾನು: ಯಾವುದು ಕೈ ಹಿಡಿಯಿತು, ಯಾವುದು ಮೂಲೆ ಹಿಡಿಯಿತು

ವಾಕರ್ ಮೇಲೆ ಈಗ ಒದ್ದೆ ಟವೆಲ್ ಒಣಗುತ್ತಿದೆ. ಐದು ತಿಂಗಳ ಹಿಂದೆ ಅದಿಲ್ಲದೆ ನನಗೆ ಮಂಚದಿಂದ ಬಚ್ಚಲಿಗೆ ಹೋಗಲು ಆಗುತ್ತಿರಲಿಲ್ಲ. ಅದರ ಪಕ್ಕದಲ್ಲೇ, ಬಾಗಿಲ ಹಿಂದೆ, ಇನ್ನೊಂದು ರಾಶಿ ಸಾಮಾನಿದೆ. ಕೆಲವು ದಿನಾ ಕೈಗೆ ಬಂದವು. ಕೆಲವು ಡಬ್ಬದಿಂದ ಹೊರಗೇ ಬರಲಿಲ್ಲ. ಒಂದಂತೂ ಉಪಕಾರಕ್ಕಿಂತ ಅಪಕಾರವನ್ನೇ ಜಾಸ್ತಿ ಮಾಡಿತು. ಆಪರೇಷನ್‌ಗೆ ಹೊರಟವರು ಫೋನ್ ಮಾಡಿ 'ಏನೇನು ತಗೋಬೇಕು' ಅಂತ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಅದೇ ಪುರಾಣ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ವಯಸ್ಸು 66. 38 ವರ್ಷ ಹೊಲಿಗೆ ಕೆಲಸ ಮಾಡಿದವಳು, ಅದೂ ಕಾಲಲ್ಲಿ ತುಳಿಯುವ ಯಂತ್ರದಲ್ಲಿ. ಮಂಡಿ ಹೋಗಿದ್ದೇ ಅದರಿಂದ ಅಂತ ಮನೆಯವರೆಲ್ಲ ತೀರ್ಪು ಕೊಟ್ಟರು. ಡಾಕ್ಟರ್ ಮಾತ್ರ ಒಪ್ಪಲಿಲ್ಲ. ವಯಸ್ಸು, ತೂಕ, ತಾಯಿಯ ಕಡೆಯಿಂದ ಬಂದದ್ದು, ಎಲ್ಲಾ ಸೇರಿರುತ್ತದೆ, ಯಂತ್ರದ ಮೇಲೆ ಮಾತ್ರ ಹಾಕಬೇಡಿ ಅಂದರು. ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವೆ ಕಾಣಬೇಕಾದ ಕಪ್ಪು ಸಂದು ಬಲ ಮಂಡಿಯ ಒಳಮಗ್ಗುಲಲ್ಲಿ ಇರಲೇ ಇಲ್ಲ. ಮೂಳೆಗೆ ಮೂಳೆ ತಾಗಿತ್ತು. ಕಾಲು ಹೊರಕ್ಕೆ ಬಿಲ್ಲಿನ ಹಾಗೆ ಬಾಗಿತ್ತು.

ಹೊಲಿಗೆ ಕೆಲಸದವರಿಗೆ ಕತ್ತಿನಲ್ಲಿ ಟೇಪ್ ನೇತುಹಾಕಿಕೊಳ್ಳುವ ಚಾಳಿ ಇರುತ್ತದೆ. ಆಸ್ಪತ್ರೆಯ ಬ್ಯಾಗಿಗೂ ಟೇಪ್ ಹಾಕಿಕೊಂಡೆ. ಮಗಳು ನಕ್ಕಳು. 'ಅಮ್ಮಾ, ಅಲ್ಲಿ ಯಾರ ರವಿಕೆ ಅಳೀತೀಯ?' ಆಮೇಲೆ ಅವಳೇ ನಾಲ್ಕು ಸಲ ಅದನ್ನು ಕೇಳಿ ಇಸಕೊಂಡಳು.

ಮೊದಲು ಆಸ್ಪತ್ರೆಯವರು ಆಪರೇಷನ್‌ಗೆ ಮುಂಚೆ ನಡೆಸಿದ ತರಗತಿಯ ಬಗ್ಗೆ. ಒಂದು ಗಂಟೆ. ಆರೇಳು ಜನ ಇದ್ದೆವು. ಹೋಗಲು ಮನಸ್ಸಿರಲಿಲ್ಲ, ಹೋಗಿದ್ದು ಒಳ್ಳೆಯದಾಯಿತು. ಅಲ್ಲಿ ಕೃತಕ ಮಂಡಿಯನ್ನು ಕೈಗೇ ಕೊಟ್ಟರು. ತೊಡೆಮೂಳೆಯ ತುದಿಗೆ ಕೂರುವ ಭಾಗ ಕೋಬಾಲ್ಟ್ ಮತ್ತು ಕ್ರೋಮಿಯಂ ಮಿಶ್ರಲೋಹ, ಕನ್ನಡಿಯ ಹಾಗೆ ಹೊಳೆಯುತ್ತದೆ. ಕೆಳಗಿನ ಮೂಳೆಯ ಮೇಲೆ ಟೈಟಾನಿಯಂ ತಟ್ಟೆ. ಎರಡರ ನಡುವೆ ಗಟ್ಟಿ ಪಾಲಿಥೀನ್ ಪ್ಲಾಸ್ಟಿಕ್. ಮೂಳೆಗೆ ಅಂಟಿಸಲು ಒಂದು ಬಗೆಯ ಸಿಮೆಂಟ್. ಮಂಡಿ ಬದಲಾಯಿಸುವುದು ಅಂದರೆ ಮಂಡಿಯನ್ನೇ ಕಿತ್ತು ಬಿಸಾಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಮೂಳೆಯ ತುದಿಯಿಂದ ಸುಮಾರು ಒಂದು ಸೆಂಟಿಮೀಟರ್‌ನಷ್ಟು ಕತ್ತರಿಸಿ, ಅದರ ಮೇಲೆ ಇದನ್ನು ತೊಡಿಸುತ್ತಾರೆ. ಇಡೀ ಶರ್ಟ್ ಹೊಸದಲ್ಲ, ಸವೆದ ಕಾಲರ್ ಮಾತ್ರ ಹೊಸದು.

ನನಗೆ ಜಾಸ್ತಿ ಖುಷಿಯಾಗಿದ್ದು ಇನ್ನೊಂದು ವಿಷಯಕ್ಕೆ. ಇದರಲ್ಲೂ ಸೈಜ್ ಇದೆ! ಆಪರೇಷನ್ ನಡುವೆ ಮೊದಲು ಟ್ರಯಲ್ ತುಂಡುಗಳನ್ನು ಹಾಕಿ, ಕಾಲನ್ನು ಮಡಚಿ, ಚಾಚಿ ನೋಡುತ್ತಾರಂತೆ. ಮಂಡಿಯ ಒಳಮಗ್ಗುಲಲ್ಲೂ ಹೊರಮಗ್ಗುಲಲ್ಲೂ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು (ಲಿಗಮೆಂಟ್) ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆಗಿದ್ದರೆ ಸರಿಮಾಡಿಕೊಂಡು ಆಮೇಲೆ ಅಸಲಿಯನ್ನು ಕೂರಿಸುತ್ತಾರೆ. ರವಿಕೆಗೆ ಟ್ರಯಲ್ ಕೊಡದೆ ನಾನು ಯಾವತ್ತೂ ಪಕ್ಕದ ಹೊಲಿಗೆ ಮುಗಿಸಿದವಳಲ್ಲ. ಆ ಡಾಕ್ಟರ್ ಮೇಲೆ ಆ ಕ್ಷಣವೇ ನಂಬಿಕೆ ಬಂತು. ಎಷ್ಟು ವರ್ಷ ಬಾಳುತ್ತದೆ ಅಂತ ಕೇಳಿದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಹತ್ತು ಮಂಡಿಗಳಲ್ಲಿ ಎಂಟು 25 ವರ್ಷ ಬಾಳುತ್ತವೆ ಅಂದರು. ನನಗೆ ಅಷ್ಟು ಸಾಕು.

ತರಗತಿಯಲ್ಲಿ ಹೇಳಿದ ಇನ್ನೊಂದು ಮಾತು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಹಲ್ಲು ತೋರಿಸಿಕೊಂಡು ಬನ್ನಿ ಅಂದರು. ಮಂಡಿಗೂ ಹಲ್ಲಿಗೂ ಏನು ಸಂಬಂಧ ಅಂತ ಗೊಣಗಿದೆ. ಸಂಬಂಧ ಇದೆ. ದೇಹದಲ್ಲಿ ಎಲ್ಲೇ ಕೀವು ಇದ್ದರೂ ರೋಗಾಣು ರಕ್ತದಲ್ಲಿ ಬಂದು ಹೊಸ ಲೋಹದ ಮೇಲೆ ಕೂರಬಹುದು. ಕೂತರೆ ಬಿಡಿಸುವುದು ಬಹಳ ಕಷ್ಟ. ನನಗೆ ಒಂದು ದವಡೆ ಹಲ್ಲು ಒಳಗೇ ಕೊಳೆತಿತ್ತು. ಅದನ್ನು ಕೀಳಿಸಿ, ಗಾಯ ಮಾಯಲು ಬಿಟ್ಟು, ಆಪರೇಷನ್ ಎರಡು ವಾರ ಮುಂದಕ್ಕೆ ಹೋಯಿತು. ಸಕ್ಕರೆ ಕಾಯಿಲೆ ಇರುವವರಿಗೆ ಮೂರು ತಿಂಗಳ ಸರಾಸರಿ ಹತೋಟಿಗೆ ಬರುವವರೆಗೆ ದಿನ ಕೊಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮುಂಚೆಯೇ ಹೇಳಬೇಕು, ಯಾವಾಗ ನಿಲ್ಲಿಸಬೇಕು ಅಂತ ಅವರೇ ತಿಳಿಸುತ್ತಾರೆ. ಮತ್ತೆ, ಚೆನ್ನಾಗಿ ಕಾಣಲಿ ಅಂತ ಮನೆಯಲ್ಲಿ ಕಾಲಿನ ಕೂದಲು ಬೋಳಿಸಿಕೊಂಡು ಹೋಗಬೇಡಿ. ಬ್ಲೇಡಿನ ಗೀರು ಸೋಂಕಿಗೆ ದಾರಿ. ನಮ್ಮ ಬ್ಯಾಚಿನ ಒಬ್ಬಾಕೆ ಹಾಗೆ ಮಾಡಿ ಬೈಸಿಕೊಂಡರು.

ಆ ತರಗತಿಗೆ ಐದಕ್ಕೆ ನಾಲ್ಕು ಅಂಕ. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಈಗ ಸಾಮಾನು. ಕಮೋಡ್ ಎತ್ತರಿಸುವ ಸೀಟಿನಿಂದಲೇ ಶುರು ಮಾಡುತ್ತೇನೆ. ನಾಚಿಕೆ ಪಟ್ಟುಕೊಂಡು ಯಾರೂ ಮಾತಾಡದ ವಸ್ತು ಇದು, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಆಪರೇಷನ್ ಆದ ಮೊದಲ ವಾರಗಳಲ್ಲಿ ಮಂಡಿ 90 ಡಿಗ್ರಿ ಮಡಚುವುದೂ ಕಷ್ಟ. ತಗ್ಗಿನ ಕಮೋಡ್ ಮೇಲೆ ಕೂತು ಏಳಲು ಅದಕ್ಕಿಂತ ಜಾಸ್ತಿ ಮಡಚಬೇಕು, ತೊಡೆಯಲ್ಲಿ ಬಲವೂ ಬೇಕು. ಆಗ ಎರಡೂ ಇರುವುದಿಲ್ಲ.

ಅಂಗಡಿಯವರು ನಾಲ್ಕು ಇಂಚಿನ ಸೀಟು ಕೊಟ್ಟರು. 'ಎತ್ತರ ಇದ್ದಷ್ಟೂ ಒಳ್ಳೇದು ಮೇಡಂ' ಅಂದರು. ನಾನೂ ತಲೆ ಆಡಿಸಿದೆ. ಮನೆಗೆ ತಂದು ಕೂರಿಸಿ ಕೂತರೆ, ಹಿಮ್ಮಡಿ ನೆಲಕ್ಕೆ ತಾಗುತ್ತಿಲ್ಲ! ನಾನು ಕುಳ್ಳಿ, ಐದಡಿ. ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಅಳೆದರೆ ಹದಿನಾರೂವರೆ ಇಂಚು. ಕಮೋಡ್ ಹದಿನೈದು ಇಂಚು. ನಾಲ್ಕು ಸೇರಿದರೆ ಹತ್ತೊಂಬತ್ತು. ಮಕ್ಕಳು ದೊಡ್ಡ ಕುರ್ಚಿಯಲ್ಲಿ ಕೂತ ಹಾಗೆ ಕಾಲು ನೇತಾಡುತ್ತಿತ್ತು. ಕಾಲೂರದೆ ಏಳುವುದು ಹೇಗೆ? ಸಾಲದ್ದಕ್ಕೆ ನಮ್ಮ ಕಮೋಡಿನ ಅಂಚು ಮೊಟ್ಟೆಯಾಕಾರ, ಸೀಟು ದುಂಡಗಿತ್ತು. ಒಂದು ಕಡೆಗೆ ವಾಲಿಕೊಂಡು ಕೂತಿತ್ತು. ವಾಪಸ್ ಕೊಡಲು ಹೋದರೆ ಡಬ್ಬ ಒಡೆದಿದ್ದೀರಿ, ಆಗುವುದಿಲ್ಲ ಅಂದರು. ಒಡೆಯದೆ ಕೂತು ನೋಡುವುದು ಹೇಗೆ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಎರಡನೆಯ ಸಲ ಟೇಪ್ ಹಿಡಿದುಕೊಂಡೇ ಹೋದೆ. ಎರಡು ಇಂಚು ಎತ್ತರದ್ದು, ಅಂಚಿಗೆ ಸ್ಕ್ರೂ ಬಿಗಿದು ಕಚ್ಚಿ ಹಿಡಿಯುವಂಥದ್ದು, ಎರಡೂ ಕಡೆ ಕೈಹಿಡಿ ಇರುವಂಥದ್ದು. ಇದಕ್ಕೆ ಐದಕ್ಕೆ ಐದು. ಸಾಧ್ಯವಾಗಿದ್ದರೆ ಆರು. ಕೂರುವಾಗ ಆಪರೇಷನ್ ಆದ ಕಾಲನ್ನು ಮುಂದಕ್ಕೆ ಜಾರಿಸಿ, ಕೈಹಿಡಿಯ ಮೇಲೆ ಭಾರ ಹಾಕಿ ನಿಧಾನ ಇಳಿಯಬೇಕು. ಏಳುವಾಗಲೂ ಹಾಗೇ. ಆಪರೇಷನ್‌ಗೆ ಮೊದಲೇ ಇದನ್ನು ಮಾಡಿ ಮಾಡಿ ರೂಢಿ ಮಾಡಿಕೊಂಡಿದ್ದೆ. ಅಳತೆಯ ಲೆಕ್ಕ ಬಹಳ ಸುಲಭ. ಸೀಟು ನಿಮ್ಮ ಮಂಡಿಯ ಮಡಿಕೆಗೆ ಸಮ ಇರಬೇಕು, ಇಲ್ಲವೇ ಒಂದು ಚೂರು ಮೇಲಿರಬೇಕು, ಪಾದ ಮಾತ್ರ ಪೂರ್ತಿ ನೆಲಕ್ಕೆ ಊರಬೇಕು. ಮಂಚಕ್ಕೂ ಇದೇ, ಕುರ್ಚಿಗೂ ಇದೇ. ನಮ್ಮ ಸೋಫಾ ಈ ಪರೀಕ್ಷೆಯಲ್ಲಿ ಫೇಲ್. ಮೂರು ತಿಂಗಳು ಅದರ ಕಡೆ ಹೋಗಲೇ ಇಲ್ಲ.

ವಾಕರ್‌ಗೂ ಅಳತೆಯದ್ದೇ ಕಥೆ. ಮುಂದೆ ಎರಡು ಚಕ್ರ ಇರುವುದನ್ನು ತಂದೆವು. ಪ್ರತಿ ಹೆಜ್ಜೆಗೂ ಎತ್ತಿ ಇಡುವ ಕಷ್ಟ ಇಲ್ಲ, ತಳ್ಳಿಕೊಂಡು ಹೋಗಬಹುದು. ಅಂಗಡಿಯವರು ಎತ್ತರವನ್ನು ಮಧ್ಯದ ತೂತಿಗೆ ಹಾಕಿ ಕೊಟ್ಟಿದ್ದರು. ಕೈ ಸಡಿಲ ಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪವೇ ಮಡಚಿರಬೇಕು. ನನಗೆ ಎರಡು ತೂತು ಕೆಳಗಿಳಿಸಬೇಕಾಯಿತು. ಎತ್ತರ ಜಾಸ್ತಿಯಾದರೆ ಹೆಗಲು ಕಿವಿಗೆ ಬರುತ್ತದೆ, ಕಡಿಮೆಯಾದರೆ ಬೆನ್ನು ಬಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ವಾಕರ್‌ನ ಅಗಲ 24 ಇಂಚು. ಬಚ್ಚಲ ಬಾಗಿಲಿನ ಚೌಕಟ್ಟು 25 ಇಂಚು. ಸರಿ ಹೋಗುತ್ತದೆ ಅಂದುಕೊಂಡೆ. ಆದರೆ ಬಾಗಿಲು ಪೂರ್ತಿ ತೆರೆದರೂ ಅದರ ದಪ್ಪವೇ ಒಂದೂವರೆ ಇಂಚು ತಿನ್ನುತ್ತದೆ! ಅರ್ಧ ಇಂಚಿಗೆ ವಾಕರ್ ಹೊರಗೇ ನಿಂತಿತು. ಇದು ಗೊತ್ತಾಗಿದ್ದು ಆಪರೇಷನ್‌ಗೆ ಹತ್ತು ದಿನ ಮೊದಲು, ನಾನು ಸುಮ್ನೆ ತಳ್ಳಿಕೊಂಡು ಅಭ್ಯಾಸ ಮಾಡುವಾಗ. ಆಪರೇಷನ್ ಆಗಿ ಮನೆಗೆ ಬಂದ ರಾತ್ರಿ ಗೊತ್ತಾಗಿದ್ದರೆ ಏನು ಗತಿ? ನಮ್ಮ ಮನೆಯವರು ಕೀಲಿನ ಸ್ಕ್ರೂ ಬಿಚ್ಚಿ ಬಾಗಿಲನ್ನೇ ಕಳಚಿ ಒಳಗಿಟ್ಟರು. ನಾನು ದಪ್ಪ ಬಟ್ಟೆಯ ಪರದೆ ಹೊಲಿದೆ. ಎರಡು ತಿಂಗಳು ನಮ್ಮ ಬಚ್ಚಲಿಗೆ ಪರದೆಯೇ ಬಾಗಿಲು. ಬಂದವರು ಹಾಡು ಹೇಳಿಕೊಂಡು ಸ್ನಾನ ಮಾಡಿದರು.

ವಾಕರ್‌ಗೆ ನೇತುಹಾಕುವ ಚೀಲ ಅಂತ ಒಂದು ಮಾರುತ್ತಾರೆ. ಬೇಡ. ಹಳೆ ಪ್ಯಾಂಟಿನ ಬಟ್ಟೆಯಲ್ಲಿ ಎರಡು ಜೇಬಿನ ಚೀಲ ಹೊಲಿದುಕೊಂಡೆ. ಚೀಲ ಮಾತ್ರ ಬೇಕೇ ಬೇಕು, ಯಾಕೆಂದರೆ ಎರಡೂ ಕೈ ವಾಕರ್ ಮೇಲಿರುತ್ತದೆ, ಫೋನು, ಕನ್ನಡಕ, ನೀರಿನ ಬಾಟಲಿ ಒಯ್ಯುವುದು ಎಲ್ಲಿ? ಭಾರ ತುಂಬಬೇಡಿ, ಮುಂದಕ್ಕೆ ವಾಲುತ್ತದೆ. ನೆಲದ ಮೇಲಿನ ಮ್ಯಾಟು, ಅಡ್ಡಾದಿಡ್ಡಿ ವೈರು, ಎಲ್ಲವನ್ನೂ ಮೊದಲೇ ಎತ್ತಿಬಿಡಿ. ಅದಕ್ಕೆ ಖರ್ಚೇ ಇಲ್ಲ.

ಆಪರೇಷನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಿದರು, ನಿದ್ದೆ ಬರುವ ಔಷಧವನ್ನೂ ಕೊಟ್ಟರು. ಒಂದೂವರೆ ಗಂಟೆ. ಅವತ್ತು ಸಂಜೆಯೇ ಮಂಚದ ಅಂಚಿನಲ್ಲಿ ಕೂರಿಸಿ ನಿಲ್ಲಿಸಿದರು. ಮಾರನೆಯ ದಿನ ಬಾಗಿಲವರೆಗೆ ನಡೆಸಿದರು. ಮೂರನೆಯ ದಿನ ಮೆಟ್ಟಿಲು. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನು ಉಲ್ಟಾ ಮಾಡಿದರೆ ಮಂಡಿಯೇ ತಕ್ಷಣ ನೆನಪಿಸುತ್ತದೆ.

ಅಪಕಾರ ಮಾಡಿದ್ದು ಅಂದೆನಲ್ಲ, ಅದು ಮಂಡಿಯ ಕೆಳಗೆ ಇಡುವ ತ್ರಿಕೋನದ ದಿಂಬು. ಮೆತ್ತಗಿನ ಫೋಮು, ಮೇಲೆ ಮಖಮಲ್ಲಿನ ಹಾಗೆ ಬಟ್ಟೆ. ಹೊಲಿಗೆ ಕೂಡ ಅಚ್ಚುಕಟ್ಟು, ಅದರಲ್ಲಿ ತಪ್ಪು ಹುಡುಕಲಾರೆ. ಡಬ್ಬದ ಮೇಲೆ ಮಂಡಿ ಆಪರೇಷನ್ ಆದವರಿಗೆ ಅಂತಲೇ ಬರೆದಿತ್ತು. ಮನೆಗೆ ಬಂದ ಮೊದಲ ರಾತ್ರಿ ಅದರ ಮೇಲೆ ಕಾಲಿಟ್ಟು ಮಲಗಿದೆ. ಆಹಾ, ಸ್ವರ್ಗ! ಮಂಡಿ ಸ್ವಲ್ಪ ಮಡಚಿದ್ದರೆ ನೋವು ಕಡಿಮೆ ಅನ್ನಿಸುತ್ತದೆ. ನಾಲ್ಕು ದಿನ ಹಾಗೇ ಮಲಗಿದೆ. ಐದನೆಯ ದಿನ ಮನೆಗೆ ಬಂದ ಫಿಸಿಯೋ ಹುಡುಗಿ ಅದನ್ನು ನೋಡಿದವಳೇ ಎಳೆದು ಮೂಲೆಗೆ ಎಸೆದಳು. 'ಅಮ್ಮಾ, ಇದು ನಿಮ್ಮ ಶತ್ರು' ಅಂದಳು.

ಕಾರಣ ಹೇಳಿದಳು. ಎಲ್ಲರೂ ಮಂಡಿ ಎಷ್ಟು ಮಡಚುತ್ತದೆ ಅಂತಲೇ ಕೇಳುತ್ತಾರೆ, ಎಷ್ಟು ನೇರ ಆಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಆಪರೇಷನ್ ಆದ ಮೇಲೆ ಒಳಗೆ ಗಾಯ ಮಾಯುತ್ತಾ ಗಟ್ಟಿಯಾಗುತ್ತಾ ಹೋಗುತ್ತದೆ. ಆ ಹೊತ್ತಿನಲ್ಲಿ ಮಂಡಿ ಸದಾ ಮಡಚಿಕೊಂಡೇ ಇದ್ದರೆ ಹಾಗೇ ಕೂತುಬಿಡುತ್ತದೆ. ಪೂರ್ತಿ ನೇರ ಆಗದ ಕಾಲಿನಲ್ಲಿ ನಡೆದರೆ ಕುಂಟು ಬರುತ್ತದೆ, ತೊಡೆ ಬೇಗ ಸೋಲುತ್ತದೆ. ಅವಳು ನನ್ನ ಟವೆಲನ್ನೇ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಟ್ಟಳು. ಮಂಡಿಯ ಕೆಳಗೆ ಬರೀ ಗಾಳಿ. ತನ್ನ ಭಾರಕ್ಕೆ ತಾನೇ ಕೆಳಗಿಳಿಯಬೇಕು. ಐದು ನಿಮಿಷಕ್ಕೆ ಕಣ್ಣಲ್ಲಿ ನೀರು. ದಿನಕ್ಕೆ ನಾಲ್ಕು ಸಲ ಮಾಡು ಅಂದಳು. ದಿಂಬಿಗೆ ಸೊನ್ನೆ ಅಂಕ. ಕಾಲು ಎತ್ತರಿಸಬೇಕಾದರೆ ಹಿಮ್ಮಡಿ, ಮೀನಖಂಡದ ಕೆಳಗೆ ದಿಂಬಿಡಿ. ಮಂಡಿಯ ಕೆಳಗೆ ಮಾತ್ರ ಬೇಡ. ಆ ದಿಂಬನ್ನು ಈಗ ನಮ್ಮ ಮನೆಯವರು ಬೆನ್ನಿಗೆ ಇಟ್ಟುಕೊಂಡು ಟಿವಿ ನೋಡುತ್ತಾರೆ.

ಇನ್ನು ಮಂಡಿ ಬಗ್ಗಿಸುವ ಯಂತ್ರ, ಸಿಪಿಎಂ ಅಂತಾರೆ. ಕಾಲನ್ನು ಅದರ ತೊಟ್ಟಿಲಲ್ಲಿ ಇಟ್ಟರೆ ಅದೇ ಮಡಚುತ್ತದೆ, ಅದೇ ಚಾಚುತ್ತದೆ. ನಮ್ಮ ನಾದಿನಿ ಬಹಳ ಒತ್ತಾಯ ಮಾಡಿದಳು ಅಂತ ಎರಡು ವಾರಕ್ಕೆ ಬಾಡಿಗೆಗೆ ತಂದೆವು. ಇಬ್ಬರು ಹೊತ್ತು ತಂದರು. ಅರ್ಧ ಮಂಚ ಅದಕ್ಕೇ ಹೋಯಿತು. ನನ್ನ ಕಾಲಿನ ಉದ್ದಕ್ಕೆ ಹೊಂದಿಸಲು ಬಂದವರಿಗೇ ಬರಲಿಲ್ಲ. ಯಂತ್ರದ ಕೀಲು ಒಂದು ಕಡೆ, ನನ್ನ ಮಂಡಿ ಎರಡು ಇಂಚು ಆಚೆ. ತೋಳಿನ ಕಂಕುಳು ಸರಿ ಕೂರದ ರವಿಕೆ ಹಾಕಿಕೊಂಡ ಹಾಗಾಯಿತು. ಕೆನಡಾದ ಮೂಳೆ ವೈದ್ಯ ರಾಬರ್ಟ್ ಸಾಲ್ಟರ್ ಅವರು 1970ರ ದಶಕದಲ್ಲಿ ಈ ಯೋಚನೆ ಬೆಳೆಸಿದರಂತೆ. ಕೀಲನ್ನು ಸುಮ್ಮನಿರಿಸಬಾರದು ಅನ್ನುವ ಅವರ ಮಾತು ಸರಿಯೇ. ಆದರೆ ಮಂಡಿ ಬದಲಾಯಿಸಿಕೊಂಡವರ ಮೇಲೆ ಆದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ, ಈ ಯಂತ್ರದಿಂದ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ ಅಂತ ಡಾಕ್ಟರೇ ಹೇಳಿದರು. ಫಿಸಿಯೋ ಹುಡುಗಿ ಇನ್ನೂ ಚೆನ್ನಾಗಿ ಹೇಳಿದಳು. 'ಯಂತ್ರ ವ್ಯಾಯಾಮ ಮಾಡ್ತಿದೆ, ನೀವು ನೋಡ್ತಿದ್ದೀರಿ.' ಐದಕ್ಕೆ ಒಂದು. ಆ ಒಂದು ಅಂಕವೂ ಮೊಮ್ಮಗನಿಗೆ ಅದನ್ನು ನೋಡಿ ಆದ ಖುಷಿಗೆ.

ಅದರ ಬದಲು ನಾನು ಮಾಡಿದ್ದು ಇದು. ಕುರ್ಚಿಯ ಮುಂದೆ ನೆಲಕ್ಕೆ ನನ್ನ ಹಳೆ ಅಳತೆ ಟೇಪನ್ನು ಉದ್ದಕ್ಕೆ ಅಂಟಿಸಿದೆ. ಪಾದದ ಕೆಳಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡರೆ ಸಲೀಸಾಗಿ ಜಾರುತ್ತದೆ. ಕುರ್ಚಿಯಲ್ಲಿ ಕೂತು ಪಾದವನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಎಷ್ಟು ಹೋಗುತ್ತದೋ ಅಷ್ಟು. ಹೆಬ್ಬೆರಳು ಎಲ್ಲಿ ನಿಂತಿತು ಅಂತ ಟೇಪಿನಲ್ಲಿ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುವುದು. ದಿನಕ್ಕೆ ಕಾಲು ಇಂಚು ಬಂದರೆ ಹಬ್ಬ. ಕೆಲವು ದಿನ ಏನೂ ಬರುವುದಿಲ್ಲ, ಒಂದೆರಡು ದಿನ ಹಿಂದಕ್ಕೂ ಹೋಗುತ್ತದೆ. ಫಿಸಿಯೋ ತನ್ನ ಕೋನಮಾಪಕದಲ್ಲಿ ಅಳೆದದ್ದು ಹೀಗಿತ್ತು. ಮನೆಗೆ ಬಂದಾಗ 70 ಡಿಗ್ರಿ, ಎರಡನೆಯ ವಾರದ ಕೊನೆಗೆ 88, ಆರು ವಾರಕ್ಕೆ 108, ಮೂರು ತಿಂಗಳಿಗೆ 118. ಆಪರೇಷನ್‌ಗೆ ಮೊದಲು ನನಗೆ 115 ಇತ್ತು. ಮೊದಲು ಚೆನ್ನಾಗಿ ಮಡಚುತ್ತಿದ್ದವರಿಗೆ ಆಮೇಲೂ ಚೆನ್ನಾಗಿ ಮಡಚುತ್ತದೆ ಅಂತ ಅವಳು ಹೇಳಿದಳು. ಹಾಗಾಗಿ ಪಕ್ಕದ ಮನೆಯವರ ಡಿಗ್ರಿ ಕೇಳಿ ಕೊರಗಬೇಡಿ.

ಐಸ್ ಪ್ಯಾಕ್: ಎರಡು ತಗೊಳ್ಳಿ, ಒಂದು ಕಾಲಿಗೆ, ಒಂದು ಫ್ರೀಜರಿಗೆ. ಹೊಲಿದ ಒಂದು ಹತ್ತಿ ಬಟ್ಟೆಯ ಕವಚದೊಳಗೆ ಹಾಕಿ ಮಂಡಿಗೆ ಸುತ್ತುತ್ತಿದ್ದೆ. ಒಂದು ಸಲಕ್ಕೆ 15ರಿಂದ 20 ನಿಮಿಷ. ಬಟ್ಟೆ ಇಲ್ಲದೆ ನೇರ ಇಡಬೇಡಿ, ಅದಕ್ಕೊಂದು ಕಾರಣ ಇದೆ. ಗಾಯದ ಗೆರೆಯ ಹೊರಮಗ್ಗುಲಲ್ಲಿ ಅಂಗೈ ಅಗಲ ಚರ್ಮಕ್ಕೆ ಸ್ಪರ್ಶವೇ ಗೊತ್ತಾಗುವುದಿಲ್ಲ. ಅಲ್ಲಿಗೆ ಹೋಗುವ ಸಣ್ಣ ನರ ಆಪರೇಷನ್ ದಾರಿಯಲ್ಲೇ ಅಡ್ಡ ಇರುತ್ತದೆ, ಕತ್ತರಿಸಿ ಹೋಗುತ್ತದೆ. ಐಸ್ ಅಲ್ಲಿ ಸುಟ್ಟರೂ ತಿಳಿಯದು. ನನಗೆ ಇನ್ನೂ ಆ ಜಾಗ ಜೋಮು ಹಿಡಿದ ಹಾಗೇ ಇದೆ, ವಿಸ್ತಾರ ಮಾತ್ರ ಕಡಿಮೆಯಾಗಿದೆ. ತಣ್ಣೀರು ಸುತ್ತಿಸುವ ಪಂಪ್ ಇರುವ ದುಬಾರಿ ಯಂತ್ರವನ್ನು ಗೆಳತಿ ಒಂದು ವಾರ ಕೊಟ್ಟಿದ್ದಳು. ಸುಖವಾಗಿತ್ತು, ಇಲ್ಲ ಅನ್ನುವುದಿಲ್ಲ. ಇಲ್ಲದಿದ್ದರೂ ನಡೆಯುತ್ತದೆ.

ಬಿಗಿ ಕಾಲುಚೀಲ: ನರ್ಸ್ ಅಳತೆ ತೆಗೆದು ಕೊಟ್ಟರು. ಹಾಕುವುದು ಕುಸ್ತಿ. ಮೇಲಿನಿಂದ ಸುರುಳಿ ಸುತ್ತಿಕೊಂಡರೆ ಕಾಲಿಗೆ ಹಗ್ಗ ಬಿಗಿದ ಹಾಗಾಗುತ್ತದೆ, ಅದನ್ನು ನೋಡಿಕೊಳ್ಳಬೇಕು. ಇದು, ಮಾತ್ರೆ, ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮೂರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ. ಮೀನಖಂಡ ಇದ್ದಕ್ಕಿದ್ದ ಹಾಗೆ ಊದಿ ನೋಯತೊಡಗಿದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನಾಳೆ ನೋಡೋಣ ಅನ್ನಬೇಡಿ. ತಕ್ಷಣ ಆಸ್ಪತ್ರೆ. ಗಾಯದಿಂದ ನೀರು ಅಥವಾ ಕೀವು ಸೋರಿದರೂ ಅಷ್ಟೇ.

ಟೇಪಿನಿಂದ ಆದ ದೊಡ್ಡ ಉಪಯೋಗ ಊತ ಅಳೆದದ್ದು. ದಿನಾ ಬೆಳಿಗ್ಗೆ, ಮಂಡಿಚಿಪ್ಪಿನ ನಡುವೆ, ಒಂದೇ ಜಾಗದಲ್ಲಿ ಸುತ್ತಳತೆ. ಮನೆಗೆ ಬಂದ ದಿನ ಬಲ ಮಂಡಿ 46 ಸೆಂಟಿಮೀಟರ್, ಎಡ ಮಂಡಿ 39. ನಿಧಾನ ಇಳಿಯುತ್ತಿತ್ತು. ಹತ್ತೊಂಬತ್ತನೆಯ ದಿನ ಹುಷಾರಾಗಿದ್ದೇನೆ ಅಂತ ಮನೆಯೆಲ್ಲ ಓಡಾಡಿದೆ, ನೆಂಟರ ಜೊತೆ ಎರಡು ಗಂಟೆ ಕಾಲು ಇಳಿಬಿಟ್ಟು ಕೂತೆ. ಮಾರನೆಯ ದಿನ ಒಂದೂವರೆ ಸೆಂಟಿಮೀಟರ್ ಏರಿತ್ತು. ಮಡಚುವುದೂ ಆರು ಡಿಗ್ರಿ ಕಡಿಮೆ. ಊದಿದ ಮಂಡಿ ಮಡಚುವುದಿಲ್ಲ, ಅಷ್ಟೇ ಲೆಕ್ಕ. ಅಲ್ಲಿಂದ ಟೇಪ್ ಏರಿದ ದಿನ ವಿಶ್ರಾಂತಿ, ಇಳಿದ ದಿನ ನಡಿಗೆ. ಈಗ ಐದು ತಿಂಗಳಾದರೂ ಒಂದು ಸೆಂಟಿಮೀಟರ್ ಜಾಸ್ತಿಯೇ ಇದೆ, ಮುಟ್ಟಿದರೆ ಎಡಗಾಲಿಗಿಂತ ಬೆಚ್ಚಗಿದೆ. ತಿಂಗಳುಗಟ್ಟಲೆ ಹೀಗಿರುವುದು ಸಹಜ ಅಂದಿದ್ದಾರೆ.

ಮನೆಗೆ ಬರುವ ಫಿಸಿಯೋ ಸೇವೆಯಲ್ಲಿ ಎರಡು ನೋಡಿದೆ. ಮೊದಲನೆಯ ಕಂಪನಿ ದಿನಕ್ಕೊಬ್ಬರನ್ನು ಕಳಿಸಿತು. ಮೂರು ದಿನ, ಮೂರು ಮುಖ. ಒಬ್ಬ ಬಂದವನೇ ಕರೆಂಟ್ ಕೊಡುವ ಪ್ಯಾಡ್ ಅಂಟಿಸಿ, ಇಪ್ಪತ್ತು ನಿಮಿಷ ಫೋನ್ ನೋಡಿ, ಪ್ಯಾಡ್ ಕಿತ್ತು ಹೊರಟ. ಕಾಲನ್ನು ಒಂದು ಸಲವೂ ಮಡಚಿಸಲಿಲ್ಲ, ಅಳೆಯಲಿಲ್ಲ. ಎಷ್ಟು ಡಿಗ್ರಿ ಬಂತು ಅಂತ ಕೇಳಿದರೆ 'ಸೂಪರ್ ಮೇಡಂ' ಅಂದ. ಅಳತೆ ತೆಗೆಯದೆ ಬಟ್ಟೆ ಕತ್ತರಿಸುವವರನ್ನು ನಾನು ಅಂಗಡಿಯಲ್ಲಿ ಇಟ್ಟುಕೊಂಡವಳಲ್ಲ. ಬಿಡಿಸಿದೆ.

ಎರಡನೆಯವಳೇ ದಿಂಬು ಎಸೆದ ಹುಡುಗಿ. ವಾರಕ್ಕೆ ಮೂರು ದಿನ, ಯಾವಾಗಲೂ ಅವಳೇ. ಬಂದ ತಕ್ಷಣ ಕೋನಮಾಪಕ ತೆಗೆದು ಅಳೆದು ಬರೆಯುತ್ತಾಳೆ, ಹೋಗುವ ಮುಂಚೆ ಮತ್ತೆ ಅಳೆಯುತ್ತಾಳೆ. ನೋವು ಹತ್ತಕ್ಕೆ ಎಷ್ಟು ಅಂತ ಕೇಳುತ್ತಾಳೆ. ಡಾಕ್ಟರ್ ಕೊಟ್ಟ ನೋವಿನ ಮಾತ್ರೆಯನ್ನು ಅವಳು ಬರುವುದಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ತಗೊಳ್ಳಿ ಅಂತ ಹೇಳಿಕೊಟ್ಟಿದ್ದೂ ಅವಳೇ. ನಾನು ಶೂರಳ ಹಾಗೆ ಮಾತ್ರೆ ಇಲ್ಲದೆ ಮಾಡುತ್ತಿದ್ದೆ. ನೋವಿಗೆ ಹೆದರಿ ಕಾಲನ್ನು ಬಿಗಿ ಹಿಡಿದರೆ ಮಡಚುವುದೇ ಇಲ್ಲ ಅಂತ ಆಮೇಲೆ ತಿಳಿಯಿತು. ಆಪರೇಷನ್‌ಗೆ ಆರು ವಾರ ಮೊದಲೇ ಇವಳನ್ನು ಕರೆಸಿ ತೊಡೆ ಬಿಗಿಯುವ ವ್ಯಾಯಾಮ, ಕಾಲು ನೇರ ಎತ್ತುವ ವ್ಯಾಯಾಮ ಕಲಿತಿದ್ದರೆ ಇನ್ನೂ ಹಗುರವಾಗುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಚೀಟಿ ನೋಡಿ ಏನೋ ಒಂದಷ್ಟು ಮಾಡಿಕೊಂಡಿದ್ದೆ. ಹೆಸರು ಬರೆಯಲು ಅವಳು ಬೇಡ ಅಂದಿದ್ದಾಳೆ. ಐದಕ್ಕೆ ಐದು.

ಈಗ ತರಗತಿಗೆ ಕಡಿಮೆಯಾದ ಆ ಒಂದು ಅಂಕ. ರಾತ್ರಿಗಳ ಬಗ್ಗೆ ಅವರು ಒಂದು ಮಾತೂ ಹೇಳಲಿಲ್ಲ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮಗ್ಗುಲು ಬದಲಾಯಿಸಲೂ ಆಗದೆ ಫ್ಯಾನ್ ನೋಡುತ್ತಾ ಮಲಗಿರಬೇಕು. ನನಗೆ ಆರು ವಾರ ಸರಿಯಾದ ನಿದ್ದೆ ಇರಲಿಲ್ಲ. ಗಟ್ಟಿ ನೋವಿನ ಮಾತ್ರೆಗೆ ಮಲಬದ್ಧತೆ ಬರುತ್ತದೆ, ಅದನ್ನೂ ಹೇಳಲಿಲ್ಲ. ನಾಲ್ಕು ದಿನ ಒದ್ದಾಡಿ ನಾನೇ ಫೋನ್ ಮಾಡಿ ಕೇಳಿದ ಮೇಲೆ ಔಷಧ ಬರೆದುಕೊಟ್ಟರು. ಮೂರನೆಯ ವಾರ ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ ಅಂತ ಗಳಗಳ ಅತ್ತೆ. ಕನ್ನಡಕ ಹಾಕಿಕೊಂಡಿರಲಿಲ್ಲ, ಅಷ್ಟೇ ವಿಷಯ. ಯಾಕಾದರೂ ಮಾಡಿಸಿಕೊಂಡೆನೋ ಅಂತ ಅವತ್ತು ಅನ್ನಿಸಿತ್ತು. ಬಹಳ ಜನಕ್ಕೆ ಹೀಗಾಗುತ್ತದಂತೆ. ಅದನ್ನು ಆ ಒಂದು ಗಂಟೆಯಲ್ಲಿ ಎರಡು ನಿಮಿಷ ಹೇಳಿದ್ದರೆ ಏನು ಹೋಗುತ್ತಿತ್ತು? ಎಲ್ಲರಿಗೂ ಮಂಡಿ ಪೂರ್ತಿ ಸಮಾಧಾನ ಕೊಡುವುದಿಲ್ಲ ಅನ್ನುವುದನ್ನೂ ಅವರು ಹೇಳಬೇಕಿತ್ತು. ನಮ್ಮ ಬ್ಯಾಚಿನ ಒಬ್ಬರಿಗೆ ಇನ್ನೂ ನೋವಿದೆ.

ಸಣ್ಣ ಪುಟ್ಟವು. ಬಗ್ಗದೆ ವಸ್ತು ಎತ್ತುವ ಉದ್ದ ಚಿಮುಟ: ತಗೊಳ್ಳಿ, ಬಿದ್ದ ಫೋನಿಗಾಗಿ ಯಾರನ್ನೂ ಕೂಗಬೇಕಿಲ್ಲ. ಮೊಮ್ಮಗ ಕದಿಯದ ಹಾಗೆ ನೋಡಿಕೊಳ್ಳಿ. ಬಚ್ಚಲಲ್ಲಿ ಕೂತು ಸ್ನಾನ ಮಾಡುವ ಸ್ಟೂಲು: ರಬ್ಬರ್ ಪಾದ ಇದ್ದರೆ ಮಾತ್ರ. ಉದ್ದ ಹಿಡಿಯ ಶೂ ಹಾರ್ನ್: ಇಟ್ಟ ಕಡೆಯೇ ಇದೆ. ಸಿಲಿಕೋನ್ ಪಟ್ಟಿ, ಗಾಯದ ಗುರುತು ಮಾಸಲಿ ಅಂತ ತಂದದ್ದು: 66ಕ್ಕೆ ನನ್ನ ಮಂಡಿ ನೋಡುವವರು ಯಾರು, ಬಿಚ್ಚಲೇ ಇಲ್ಲ. 12ನೆಯ ದಿನ ಸ್ಟೇಪಲ್ ತೆಗೆದರು. 23 ಇದ್ದವು, ಎಣಿಸಿದೆ. ಒಂದೊಂದರ ನಡುವಿನ ಅಂತರ ಒಂದೇ ಸಮ ಇತ್ತು. ಮೆಚ್ಚಿದೆ.

ಈಗ ಮೆಟ್ಟಿಲನ್ನು ಒಂದರ ಮೇಲೊಂದು ಕಾಲಿಟ್ಟು ಹತ್ತುತ್ತೇನೆ. ಇಳಿಯುವಾಗ ಕಂಬಿ ಹಿಡಿಯುತ್ತೇನೆ. ನಡೆಯುವಾಗ ಒಮ್ಮೊಮ್ಮೆ ಟಿಕ್ ಅನ್ನುತ್ತದೆ, ಲೋಹಕ್ಕೆ ಪ್ಲಾಸ್ಟಿಕ್ ತಾಗುವ ಸದ್ದು, ನೋವಿಲ್ಲ. ಮಂಡಿಯೂರಿ ಕೂರಲು ಇಷ್ಟವಾಗುವುದಿಲ್ಲ, ಕಲ್ಲಿನ ಮೇಲೆ ಕೂತ ಹಾಗೆ. ಕಾಲು ಮಾತ್ರ ನೇರವಾಗಿದೆ. ಹಳೆ ಲಂಗದ ಅಂಚು ಬಲಗಡೆ ಮೇಲೇರಿಬಿಟ್ಟಿದೆ, ಬಿಲ್ಲಿನ ಹಾಗಿದ್ದ ಕಾಲು ನೆಟ್ಟಗಾಗಿ ಒಂಚೂರು ಉದ್ದವಾಗಿದೆ. ಎಲ್ಲ ಲಂಗಗಳ ಅಂಚನ್ನೂ ಬಿಚ್ಚಿ ಮತ್ತೆ ಮಡಚಿ ಹೊಲಿಯುತ್ತಿದ್ದೇನೆ, ಈಗ ಮೋಟಾರಿನ ಯಂತ್ರದಲ್ಲಿ.

ಎದುರುಮನೆಯ ಅಕ್ಕನಿಗೆ ಮುಂದಿನ ತಿಂಗಳು ಆಪರೇಷನ್. ವಾಕರ್, ಸೀಟು ಎರಡನ್ನೂ ಕೇಳಿದ್ದಾರೆ. ಟವೆಲ್ ತೆಗೆದು ವಾಕರ್ ಕೊಡುತ್ತೇನೆ. ಆದರೆ ಅವರು ನನಗಿಂತ ಅರ್ಧ ಅಡಿ ಎತ್ತರ. ಎರಡು ಇಂಚಿನ ಸೀಟು ಅವರಿಗೆ ಸಾಲುವುದಿಲ್ಲ, ವಾಪಸ್ ತೆಗೆದುಕೊಳ್ಳದ ಆ ನಾಲ್ಕು ಇಂಚಿನದ್ದು ಸರಿ ಹೋಗಬಹುದು. ಅವರ ಕಮೋಡ್ ದುಂಡಗಿದೆಯೋ ಮೊಟ್ಟೆಯಾಕಾರವೋ ಗೊತ್ತಿಲ್ಲ. ನಾಳೆ ಟೇಪ್ ಹಿಡಿದುಕೊಂಡು ಹೋಗಿ ಬರಬೇಕು.